ಕೊಲಾಜೆನ್ ಪುಡಿ ಕುಡಿದರೆ ಮೊಣಕಾಲು ಸರಿಹೋಗುತ್ತದೆಯೇ? ಜಿ.ಎನ್. ರಾಮಚಂದ್ರನ್ ಅವರ ಬದುಕಿನಲ್ಲಿದೆ ಉತ್ತರ

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ಓದುಗರೊಬ್ಬರು ನಮಗೆ ಒಂದು ಫಾರ್ವರ್ಡ್ ಕಳುಹಿಸಿದ್ದಾರೆ. ಕೊಲಾಜೆನ್ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿದರೆ ಅದು ನೇರವಾಗಿ ಮೊಣಕಾಲಿಗೆ ಹೋಗಿ, ಸವೆದ ಕೀಲನ್ನು ಮತ್ತೆ ಕಟ್ಟುತ್ತದೆ ಎಂಬುದು ಅದರ ಸಾರ. ಅವರ ತಾಯಿ ಪುಡಿ ತರಿಸಲು ಹಣವನ್ನೂ ತೆಗೆದಿಟ್ಟಿದ್ದಾರಂತೆ. ಇದು ನಿಜವೇ? ಉತ್ತರಕ್ಕೆ ಮೊದಲು ಕೊಲಾಜೆನ್ ಎಂದರೇನು ಎಂದು ತಿಳಿಯಬೇಕು. ಅದರ ಒಳರಚನೆಯನ್ನು ಜಗತ್ತಿಗೆ ತೋರಿಸಿದವರು ಬೆಂಗಳೂರಿನಲ್ಲಿ ಕಲಿತು, ಮುಂದೆ ಅಲ್ಲಿಯೇ ಕಲಿಸಿದ ವಿಜ್ಞಾನಿ ಜಿ.ಎನ್. ರಾಮಚಂದ್ರನ್.

ಎಂಜಿನಿಯರಿಂಗ್ ಬಿಟ್ಟು ಭೌತಶಾಸ್ತ್ರಕ್ಕೆ

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಲಂನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದರು. ಅಲ್ಲಿ ಸಿ.ವಿ. ರಾಮನ್ ಅವರನ್ನು ಭೌತಶಾಸ್ತ್ರದತ್ತ ಸೆಳೆದರು. ಮುಂದೆ ಕೇಂಬ್ರಿಡ್ಜ್‌ನಲ್ಲಿ ಪಿಎಚ್.ಡಿ. ಮುಗಿಸಿ 1949ರಲ್ಲಿ ಬೆಂಗಳೂರಿಗೆ ಮರಳಿದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದಾಗ ಅವರ ವಯಸ್ಸು ಮೂವತ್ತರ ಆಸುಪಾಸು.

ಮೂರು ಎಳೆಯ ಹಗ್ಗ

ನಮ್ಮ ದೇಹ ಜೀವಕೋಶಗಳಿಂದ ಆಗಿದೆ. ಆ ಕೋಶಗಳನ್ನು ಹಿಡಿದು ನಿಲ್ಲಿಸುವ ದಾರವೇ ಕೊಲಾಜೆನ್ ಎಂಬ ಪ್ರೋಟೀನ್. ಜೀವಕೋಶಗಳೇ ಅದನ್ನು ತಯಾರಿಸಿ ಹೊರಗೆ ಬಿಡುತ್ತವೆ. ಚರ್ಮ, ಮೂಳೆ, ಕೀಲು ಎಲ್ಲೆಲ್ಲೂ ಅದಿದೆ. ಎಲ್ಲ ಪ್ರೋಟೀನ್‌ಗಳಂತೆ ಇದೂ ಅಮೈನೋ ಆಮ್ಲ ಎಂಬ ಮಣಿಗಳನ್ನು ಪೋಣಿಸಿದ ಸರ. ಆದರೆ ಈ ಸರ ಹೇಗೆ ಹೆಣೆದುಕೊಂಡಿದೆ ಎಂಬುದು ಆಗ ಬಗೆಹರಿಯದ ಪ್ರಶ್ನೆಯಾಗಿತ್ತು.

ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಕೊಲಾಜೆನ್‌ನ ಎಕ್ಸ್-ರೇ ಚಿತ್ರಗಳನ್ನು ಅಭ್ಯಾಸ ಮಾಡಿದರು. ಅದು ಮೂರು ಎಳೆಗಳನ್ನು ಹೊಸೆದ ಹಗ್ಗದಂತಿದೆ ಎಂದು 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರತಿ ಮೂರನೇ ಮಣಿ ಗ್ಲೈಸಿನ್ ಆಗಿರಲೇಬೇಕು. ಹಗ್ಗದ ಒಳಗಿನ ಇಕ್ಕಟ್ಟಿನಲ್ಲಿ ಕೂರಬಲ್ಲಷ್ಟು ಚಿಕ್ಕದು ಅದೊಂದೇ.

ಟೀಕೆಗೆ ಉತ್ತರ ಲೆಕ್ಕದಲ್ಲಿ

ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಹತ್ತಿರ ಬಂದಿವೆ ಎಂದು ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಆಕ್ಷೇಪಿಸಿದರು. ಕೆಲವು ವಿವರಗಳು ತಿದ್ದುಪಡಿಯಾದವು, ಮೂರು ಎಳೆಯ ಮೂಲ ವಿನ್ಯಾಸ ಉಳಿಯಿತು. ರಾಮಚಂದ್ರನ್ ಅಷ್ಟಕ್ಕೇ ನಿಲ್ಲಲಿಲ್ಲ. ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು ಎಂದು ಅಳತೆಗಳನ್ನು ಕಲೆಹಾಕಿ ಲೆಕ್ಕ ಹಾಕಿದರು. ಶಶಿಶೇಖರನ್ ಮತ್ತು ರಾಮಕೃಷ್ಣನ್ ಜೊತೆ 1963ರಲ್ಲಿ ಪ್ರಕಟಿಸಿದ ಆ ಫಲಿತಾಂಶವೇ ರಾಮಚಂದ್ರನ್ ನಕ್ಷೆ. ಪ್ರೋಟೀನ್ ರಚನೆ ಸರಿಯಿದೆಯೇ ಎಂದು ಪರೀಕ್ಷಿಸಲು ಜಗತ್ತಿನಾದ್ಯಂತ ಇಂದಿಗೂ ಅದನ್ನೇ ಬಳಸುತ್ತಾರೆ.

1971ರಲ್ಲಿ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರ ವಿಭಾಗ ಕಟ್ಟಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಫೆಲೋ ಆದರು. ನೊಬೆಲ್ ಮಾತ್ರ ಬರಲಿಲ್ಲ. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಕಾಡಿತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು.

ಹಾಗಾದರೆ ಫಾರ್ವರ್ಡ್ ನಿಜವೇ?

ಅದರಲ್ಲಿ ಹೇಳಿದಂತೆ ಆಗುವುದಿಲ್ಲ. ಕುಡಿದ ಕೊಲಾಜೆನ್ ಹೊಟ್ಟೆ, ಕರುಳಿನಲ್ಲಿ ಜೀರ್ಣವಾಗಿ ಬಿಡಿ ಮಣಿಗಳು ಮತ್ತು ಸಣ್ಣ ತುಂಡುಗಳಾಗುತ್ತದೆ. ಅವು ರಕ್ತ ಸೇರಿದ ಮೇಲೆ ದೇಹ ತನಗೆ ಬೇಕಾದ ಕಡೆ ಬಳಸಿಕೊಳ್ಳುತ್ತದೆ. ಹಗ್ಗವಾಗಿಯೇ ಮೊಣಕಾಲು ತಲುಪುವ ದಾರಿ ಇಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ 2011ರಲ್ಲಿ ಪುರಾವೆಗಳನ್ನು ಪರಿಶೀಲಿಸಿ, ಕೀಲುಗಳಿಗೆ ಇದರಿಂದ ಲಾಭ ಎಂಬುದು ಸಾಬೀತಾಗಿಲ್ಲ ಎಂದಿತು.

ಹೊಸ ಕೊಲಾಜೆನ್ ಹೊಸೆಯುವುದು ನಮ್ಮ ಜೀವಕೋಶಗಳ ಕೆಲಸ. ಅದಕ್ಕೆ ಬೇಕಾದ ಮಣಿಗಳು ಜೋಳದ ರೊಟ್ಟಿ, ತೊಗರಿ ಬೇಳೆ, ಶೇಂಗಾದಂಥ ಊಟದಲ್ಲೂ ಸಿಗುತ್ತವೆ. ಹಗ್ಗ ಗಟ್ಟಿಯಾಗಲು ವಿಟಮಿನ್ ಸಿ ಬೇಕು, ಅದು ನೆಲ್ಲಿಕಾಯಿ, ಪೇರಲ, ನಿಂಬೆಹಣ್ಣಿನಲ್ಲಿದೆ. ಇವೂ ಸವೆದ ಕೀಲಿಗೆ ಔಷಧವಲ್ಲ. ನೋವು ಬಿಡದಿದ್ದರೆ ಆ ಹಣದಲ್ಲಿ ತಾಯಿಯನ್ನು ಮೂಳೆ ವೈದ್ಯರ ಬಳಿ ಕರೆದೊಯ್ಯಿರಿ ಎಂದು ನಮ್ಮ ಓದುಗರಿಗೆ ತಿಳಿಸಿದ್ದೇವೆ. ನಿಮ್ಮ ಗುಂಪಿಗೂ ಈ ಫಾರ್ವರ್ಡ್ ಬಂದಿದ್ದರೆ ಅಲ್ಲಿ ಈ ಉತ್ತರವನ್ನು ಹಂಚಿಕೊಳ್ಳಿ.