ಜೋಸೆಫೀನ್ ಬಟ್ಲರ್ ಅಮ್ಮನವರ ಚರಿತ್ರೆ

ಮನೆಯವರೆಲ್ಲರೂ ಕೂಡಿ ಕುಳಿತಾಗ ಓದುವದಕ್ಕೆ ಸಂಕೋಚವಾಗುವ ಒಂದು ರೋಗದ ವಿಷಯವು ಈ ಚರಿತ್ರೆಯಲ್ಲಿ ಬರುತ್ತದೆ. ಗುಹ್ಯರೋಗಗಳ ಹೆಸರೆತ್ತಲು ಮರ್ಯಾದಸ್ಥರು ನಾಚಿಕೊಂಡಿದ್ದ ಕಾಲದಲ್ಲಿ ಅನೇಕ ಬಡ ಸ್ತ್ರೀಯರು ಅದೇ ರೋಗದ ನೆವದಿಂದ ಬೀಗದೊಳಗೆ ಹಾಕಲ್ಪಟ್ಟರು. ಅವರಿಗಾಗಿ ಬಾಯಿ ತೆರೆದವರೇ ಈ ಅಮ್ಮನವರು. ಆದ್ದರಿಂದ ನಾವೂ ಮರೆಮಾಡದೆ ಹೇಳುವೆವು.

ಇವರು ಇಂಗ್ಲೆಂಡಿನ ಉತ್ತರ ಭಾಗದ ನಾರ್ಥಂಬರ್‌ಲೆಂಡ್ ಸೀಮೆಯಲ್ಲಿ, ಮಿಲ್‌ಫೀಲ್ಡ್ ಎಂಬ ಸ್ಥಳದಲ್ಲಿ, 1828ನೆಯ ಇಸವಿ ಏಪ್ರಿಲ್ 13ರಲ್ಲಿ ಹುಟ್ಟಿದರು. ತಂದೆಯಾದ ಜಾನ್ ಗ್ರೇ ಎಂಬವರು ಜಮೀನುಗಳ ಮೇಲ್ವಿಚಾರಕರು. ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವದು ನಿಲ್ಲಬೇಕೆಂದು ಪ್ರಯಾಸಪಟ್ಟವರಲ್ಲಿ ಅವರೊಬ್ಬರಾಗಿದ್ದರು. ಮಗಳು ಚಿಕ್ಕಂದಿನಿಂದ ಆ ಮಾತುಗಳನ್ನು ಕೇಳುತ್ತ ಬೆಳೆದಳು. 1852ರಲ್ಲಿ ಜಾರ್ಜ್ ಬಟ್ಲರ್ ಎಂಬ ಉಪಾಧ್ಯಾಯರೊಡನೆ ಮದುವೆಯಾಯಿತು. ಇವರಿಗೆ ಮೂವರು ಗಂಡುಮಕ್ಕಳೂ ಈವಾ ಎಂಬ ಒಬ್ಬಳೇ ಮಗಳೂ ಇದ್ದರು. 1864ರಲ್ಲಿ ಒಂದು ಸಾಯಂಕಾಲ ಹೊರಗೆ ಹೋಗಿದ್ದ ತಾಯಿತಂದೆಗಳು ಹಿಂದಿರುಗಿದಾಗ, ಅವರನ್ನು ಎದುರುಗೊಳ್ಳಲು ಆತುರದಿಂದ ಬಂದ ಐದು ವರುಷದ ಆ ಮಗುವು ಮಹಡಿಯ ಮೆಟ್ಟಿಲಿನ ಕಟಾಂಜನದ ಮೇಲಿಂದ ಕೆಳಗೆ ಬಿದ್ದು ಸತ್ತುಹೋಯಿತು.

ಎರಡು ವರುಷಗಳ ನಂತರ ಗಂಡನಿಗೆ ಲಿವರ್‌ಪೂಲ್ ಪಟ್ಟಣದ ಕಾಲೇಜಿನಲ್ಲಿ ಮುಖ್ಯೋಪಾಧ್ಯಾಯರ ಕೆಲಸ ದೊರೆಯಲು ಕುಟುಂಬವು ಅಲ್ಲಿಗೆ ಹೋಯಿತು. ದುಃಖದಿಂದ ಕುಗ್ಗಿದ್ದ ಅಮ್ಮನವರು ತಮಗಿಂತ ಹೆಚ್ಚು ನೊಂದವರನ್ನು ಹುಡುಕಿಕೊಂಡು ಬ್ರೌನ್‌ಲೋ ಹಿಲ್ ಎಂಬ ದೊಡ್ಡ ಬಡವರ ದುಡಿಮೆಮನೆಗೆ ಹೊರಟರು. ಅಲ್ಲಿಯ ನೆಲಮಾಳಿಗೆಯಲ್ಲಿ ಅನೇಕ ಸ್ತ್ರೀಯರು ಹಡಗಿನ ಹಳೆಯ ಡಾಂಬರು ಹಗ್ಗಗಳನ್ನು ಬೆರಳುಗಳಿಂದ ಬಿಚ್ಚಿ ನಾರು ತೆಗೆಯುತ್ತಿದ್ದರು. ಕೆಲವರು ಹಸಿವೆಯಿಂದ ತಾವಾಗಿ ಬಂದವರು, ಕೆಲವರು ಶಿಕ್ಷೆಯಿಂದ ಬಂದವರು. ಅಮ್ಮನವರು ಅವರ ನಡುವೆ ನೆಲದ ಮೇಲೆ ಕುಳಿತು ತಾವೂ ಹಗ್ಗ ಬಿಚ್ಚತೊಡಗಿದರು. ಅಭ್ಯಾಸವಿಲ್ಲದ ಆ ಕೈಗಳನ್ನು ನೋಡಿ ಸ್ತ್ರೀಯರು ನಕ್ಕರು. ಆ ನಗೆಯಿಂದಲೇ ಸ್ನೇಹವು ಹುಟ್ಟಿತು. ರೋಗದಿಂದ ಸಾಯುತ್ತಿದ್ದ ಹುಡುಗಿಯರನ್ನು ಅಮ್ಮನವರು ತಮ್ಮ ಸ್ವಂತ ಮನೆಗೆ ಕರತಂದು ಶುಶ್ರೂಷೆ ಮಾಡಿದರು. ಮನೆಯಲ್ಲಿ ಸ್ಥಳ ಸಾಲದೆ ಹೋದಾಗ ಬೇರೆ ಆಶ್ರಯಗೃಹವನ್ನು ತೆರೆದರು.

ಆ ದಿನಗಳಲ್ಲಿ ಇಂಗ್ಲಿಷ್ ದಂಡಿನ ಸಿಪಾಯಿಗಳಲ್ಲಿಯೂ ಹಡಗಿನವರಲ್ಲಿಯೂ ಉಪದಂಶ, ಪ್ರಮೇಹ ಮುಂತಾದ ರೋಗಗಳು ಬಹಳ ಹರಡಿದ್ದವು. ಇವುಗಳನ್ನು ತಡೆಯಬೇಕೆಂದು ಪಾರ್ಲಿಮೆಂಟಿನವರು 1864, 1866, 1869ನೆಯ ಇಸವಿಗಳಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಗಳನ್ನು ಮಾಡಿದರು. ದಂಡು ಇಳಿದ ಊರುಗಳಲ್ಲಿಯೂ ಬಂದರುಗಳಲ್ಲಿಯೂ ಸಾದಾ ಉಡುಪಿನ ಪೊಲೀಸಿನವರು ಒಬ್ಬ ಸ್ತ್ರೀಯನ್ನು ವೇಶ್ಯೆಯೆಂದು ಸಂಶಯಪಟ್ಟರೆ ಸಾಕು, ಆಕೆಯು ವೈದ್ಯನ ಮುಂದೆ ದೇಹಪರೀಕ್ಷೆಗೆ ಒಳಗಾಗಬೇಕಾಗಿತ್ತು. ರೋಗವಿದೆಯೆಂದು ಕಂಡರೆ ಲಾಕ್ ಆಸ್ಪತ್ರೆಯೆಂಬ ಬೀಗದ ಆಸ್ಪತ್ರೆಯಲ್ಲಿ ಇಡುವರು. ಕಡೆಯ ಕಾಯಿದೆಯ ಪ್ರಕಾರ ಒಂಬತ್ತು ತಿಂಗಳ ವರೆಗೂ ಇಡಬಹುದಾಗಿತ್ತು. ಪರೀಕ್ಷೆಗೆ ಒಲ್ಲೆನೆಂದವಳಿಗೆ ಸೆರೆಮನೆ. ತನ್ನ ಇಷ್ಟದಿಂದಲೇ ಒಪ್ಪಿದ್ದೇನೆಂಬ ಕಾಗದಕ್ಕೆ ಓದುಬರಹ ಬಾರದ ಸ್ತ್ರೀಯರಿಂದ ಗುರುತು ಹಾಕಿಸಿಕೊಳ್ಳುತ್ತಿದ್ದರು. ಇದು ಒಪ್ಪಿಗೆಯೋ? ಆಕೆಯ ಬಳಿಗೆ ಬಂದ ಸಿಪಾಯಿಯನ್ನಾದರೋ ಈ ಕಾಯಿದೆಯು ಮುಟ್ಟಲೇ ಇಲ್ಲ.

1869ರಲ್ಲಿ ಈ ಕಾಯಿದೆಯ ವಿರೋಧಿಗಳು ಅಮ್ಮನವರ ಸಹಾಯವನ್ನು ಬೇಡಿದರು. ಇಂಥ ವಿಷಯವನ್ನು ಬಹಿರಂಗವಾಗಿ ಮಾತಾಡಿದರೆ ಗಂಡನ ಮಾನಕ್ಕೂ ಉದ್ಯೋಗಕ್ಕೂ ಕುಂದು ಬರುವದೆಂದು ಅವರು ಬಹು ದಿನ ತಳಮಳಪಟ್ಟು, ಕೊನೆಗೆ ಮನಸ್ಸಿನಲ್ಲಿದ್ದದ್ದನ್ನು ಒಂದು ಕಾಗದದಲ್ಲಿ ಬರೆದು ಆತನ ಕೈಗೆ ಕೊಟ್ಟರು. ಆ ಒಳ್ಳೆಯ ಮನುಷ್ಯನು ಆಲೋಚಿಸಿ, ಹೋಗೆಂದು ಅಪ್ಪಣೆಕೊಟ್ಟನು. ಭಯಪಟ್ಟದ್ದು ಸುಳ್ಳಾಗಲಿಲ್ಲ. 1871ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ನೆರೆದ ಸಭಾ ಸಮ್ಮೇಳನದಲ್ಲಿ ಆತನು ಈ ವಿಷಯವೆತ್ತಿದಾಗ ಬೋಧಕರೇ ಕೂಗಿ ಆತನ ಬಾಯಿ ಮುಚ್ಚಿಸಿದರು.

ಅಮ್ಮನವರ ನಾಯಕತ್ವದ ಸ್ತ್ರೀಸಂಘದವರು ಪ್ರಕಟಿಸಿದ ಪ್ರತಿಭಟನೆಯ ಪತ್ರಕ್ಕೆ ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರೂ ಸಹಿ ಹಾಕಿದರು. 1870ರಲ್ಲಿ ಕೋಲ್‌ಚೆಸ್ಟರ್ ಊರಿನ ಚುನಾವಣೆಯಲ್ಲಿ ದೊಂಬಿಯವರು ಅಮ್ಮನವರು ಇಳಿದಿದ್ದ ಹೋಟೆಲನ್ನು ಮುತ್ತಿದರು. 1872ರಲ್ಲಿ ಪಾಂಟಿಫ್ರಾಕ್ಟಿನಲ್ಲಿ ಹುಲ್ಲಿನ ಅಟ್ಟದ ಮೇಲೆ ಸ್ತ್ರೀಯರ ಕೂಟ ನಡೆಯುತ್ತಿರುವಾಗ ಕೆಳಗಡೆ ಬೆಂಕಿ ಹಾಕಿ ಹೊಗೆಯೆಬ್ಬಿಸಿದರು. ಆದರೂ ಅವರು ಹಿಂದೆಗೆಯಲಿಲ್ಲ.

ಅಮ್ಮನವರು ರೋಗವನ್ನು ಅಲ್ಪವೆಂದೆಣಿಸಿದರೆಂದು ಯಾರೂ ತಿಳಿಯಬಾರದು. ಅದರಿಂದ ಸಾಯುವವರ ಹಾಸಿಗೆಯ ಬಳಿಯಲ್ಲಿ ಕುಳಿತವರು ಅವರು. ಬೀಗದಿಂದ ರೋಗ ನಿಲ್ಲುವದಿಲ್ಲ, ತಾನಾಗಿ ಬರುವವರಿಗೆ ತೆರೆದ ಆಸ್ಪತ್ರೆ ಬೇಕು ಎಂಬದೇ ಅವರ ವಾದ. ವೈದ್ಯಶಾಸ್ತ್ರದ ಕಡೆಯಿಂದ ನೋಡಿದರೂ ಆ ವಾದವು ಗಟ್ಟಿಯಾದದ್ದು. ಪ್ರಮೇಹದ ಕ್ರಿಮಿಯು ಕಂಡುಬಂದದ್ದು 1879ರಲ್ಲಿ, ಉಪದಂಶದ್ದು 1905ರಲ್ಲಿ. ಅದಕ್ಕೆ ಮುಂಚೆ ವೈದ್ಯರು ಕಣ್ಣಿಗೆ ತೋರಿದ್ದರಿಂದಲೇ ನಿರ್ಣಯಿಸುತ್ತಿದ್ದರು. ಸ್ತ್ರೀಯರಲ್ಲಿ ಈ ರೋಗಗಳು ಹೊರಗೆ ಯಾವ ಗುರುತೂ ಇಲ್ಲದೆ ಅಡಗಿರುವದು ಸಾಮಾನ್ಯ. ಸರಿಯಾಗಿ ತೊಳೆಯದ ಉಪಕರಣವನ್ನು ಒಬ್ಬಳಿಂದ ಇನ್ನೊಬ್ಬಳಿಗೆ ಉಪಯೋಗಿಸಿದರೆ ಪರೀಕ್ಷೆಯೇ ರೋಗವನ್ನು ಅಂಟಿಸಬಲ್ಲದು. ಔಷಧವೆಂದು ಕೊಡುತ್ತಿದ್ದ ಪಾದರಸವಂತೂ ವಿಷವೇ ಸರಿ. ಗುಣವಾಯಿತೆಂದು ಬಿಟ್ಟ ಸ್ತ್ರೀಗೆ, ಪರೀಕ್ಷೆಯಿಲ್ಲದೆ ತಿರುಗುವ ಪುರುಷನಿಂದ ಮತ್ತೆ ಅದೇ ರೋಗ ಬರುತ್ತಿತ್ತು.

1874ರ ಚಳಿಗಾಲದಲ್ಲಿ ಅಮ್ಮನವರು ಪ್ಯಾರಿಸಿಗೆ ಹೋಗಿ ಸೆಂ ಲಾಜಾರ್ ಎಂಬ ಹೆಂಗಸರ ಸೆರೆಮನೆಯನ್ನು ನೋಡಿದರು. ಅಲ್ಲಿ ಕಳ್ಳತನಕ್ಕೆ ಶಿಕ್ಷೆ ಹೊಂದಿದವರೂ, ವಿಚಾರಣೆ ಮುಗಿಯದವರೂ, ರೋಗವಿದೆಯೆಂಬ ಕಾರಣಕ್ಕೇ ಹಿಡಿದು ತರಲ್ಪಟ್ಟವರೂ ಒಂದೇ ಗೋಡೆಯೊಳಗಿದ್ದರು. ರೋಗಿಯೇ ಕೈದಿಯಾಗಿದ್ದಳು. ಇಂಗ್ಲೆಂಡ್ ಯಾವ ದಾರಿ ಹಿಡಿದಿದೆಯೆಂಬದನ್ನು ಅಮ್ಮನವರು ಅಲ್ಲಿ ಕಣ್ಣಾರೆ ಕಂಡರು. ಮರುವರುಷ ಅನೇಕ ದೇಶಗಳವರನ್ನು ಕೂಡಿಸಿ ಒಂದು ಒಕ್ಕೂಟವನ್ನು ಕಟ್ಟಿದರು. 1883ರಲ್ಲಿ ಬಲಾತ್ಕಾರದ ಪರೀಕ್ಷೆ ನಿಂತಿತು. 1886ರಲ್ಲಿ ಕಾಯಿದೆಗಳೇ ರದ್ದಾದವು.

ಹಿಂದುಸ್ಥಾನದಲ್ಲಿ ಕಥೆ ಮುಗಿದಿರಲಿಲ್ಲ. ಇಲ್ಲಿಯೂ 1868ರಲ್ಲಿ ಅಂಥದೇ ಕಾಯಿದೆಯಾಗಿತ್ತು. ನಮ್ಮ ಬೆಂಗಳೂರಿನ ದಂಡಿನಲ್ಲಿಯೂ ಬಳ್ಳಾರಿಯಲ್ಲಿಯೂ ಲಾಕ್ ಆಸ್ಪತ್ರೆಗಳಿದ್ದವು. 1888ರಲ್ಲಿ ಪಾರ್ಲಿಮೆಂಟು ಇದನ್ನು ನಿಲ್ಲಿಸಬೇಕೆಂದು ತೀರ್ಮಾನಿಸಿದ ಮೇಲೂ ದಂಡಿನ ಅಧಿಕಾರಿಗಳು ಗುಟ್ಟಾಗಿ ನಡಿಸುತ್ತಿದ್ದಾರೆಂಬ ಸಂಶಯವುಂಟಾಯಿತು. ತಾವೇ ಬರಲಾರದ ಅಮ್ಮನವರ ಪ್ರೇರಣೆಯಿಂದ ಅಮೆರಿಕದ ಬುಶ್ನೆಲ್ ಎಂಬ ವೈದ್ಯಳೂ ಆಂಡ್ರೂ ಎಂಬ ಸಂಗಡಿಗಳೂ 1891-92ರ ಚಳಿಗಾಲದಲ್ಲಿ ಉತ್ತರ ದೇಶದ ಹತ್ತು ದಂಡುಗಳಿಗೆ ಹೋಗಿ ಅಲ್ಲಿಯ ಸ್ತ್ರೀಯರೊಡನೆ ಕುಳಿತು ವಿಚಾರಿಸಿದರು. ಸಂಶಯವು ನಿಜವಾಗಿತ್ತು. ಮೊದಲು ಅಲ್ಲವೆಂದಿದ್ದ ಸೇನಾಧಿಪತಿ ರಾಬರ್ಟ್ಸ್ ಪ್ರಭುವು 1893ರಲ್ಲಿ ಅವರ ಕ್ಷಮೆ ಕೇಳಬೇಕಾಯಿತು. ಆದರೆ 1897ರಲ್ಲಿ ಸರಕಾರವು ನಿಯಮಗಳನ್ನು ಪುನಃ ಬದಲಾಯಿಸಿತು. ಅದು ಅಮ್ಮನವರಿಗೆ ಬಹಳ ನೋವಾಯಿತು.

ಇಂದಿನ ಸೆರೆಮನೆಗಳಲ್ಲಿರುವ ಸ್ತ್ರೀಯರಿಗೂ ಈ ಚರಿತ್ರೆಗೂ ಸಂಬಂಧವುಂಟು. 1943ರಲ್ಲಿ ಪೆನಿಸಿಲಿನ್ ಔಷಧದಿಂದ ಉಪದಂಶವು ಗುಣವಾಗುವದೆಂದು ತೋರಿಬಂತು. ಆರಂಭದಲ್ಲಿಯೇ ಕಂಡುಹಿಡಿದರೆ ಒಂದು ಚುಚ್ಚುಮದ್ದು ಸಾಕು. ಗರ್ಭಿಣಿಗೆ ಸಕಾಲದಲ್ಲಿ ಕೊಟ್ಟರೆ ಮಗುವೂ ಉಳಿಯುವದು. ಆದ್ದರಿಂದ ಸೆರೆಗೆ ಬಂದವಳಿಗೆ ಮೊದಲಲ್ಲಿಯೇ ಪರೀಕ್ಷೆಯ ಅವಕಾಶವಿರಬೇಕು; ಆದರೆ ಆಕೆಗೆ ತಿಳಿಯಹೇಳಿ, ಒಪ್ಪಿಗೆ ಪಡೆದು, ಫಲಿತಾಂಶವನ್ನು ಗುಟ್ಟಾಗಿಡಬೇಕು. ಇಲ್ಲವಾದರೆ ಹೆದರಿ ರೋಗವನ್ನು ಬಚ್ಚಿಡುವಳು. ಹೊರಗಿರುವ ಗಂಡನಿಗೂ ಔಷಧವಾಗದಿದ್ದರೆ, ಬಿಡುಗಡೆಯಾಗಿ ಮನೆ ಸೇರಿದವಳಿಗೆ ರೋಗವು ಮತ್ತೆ ಅಂಟುವದು. ಲೋಕದ ರಾಜ್ಯಗಳೆಲ್ಲ ಸೇರಿದ ಸಂಯುಕ್ತ ರಾಷ್ಟ್ರಸಭೆಯು 2010ರಲ್ಲಿ ಸ್ತ್ರೀಕೈದಿಗಳಿಗಾಗಿ ಅಂಗೀಕರಿಸಿದ ಬ್ಯಾಂಕಾಕ್ ನಿಯಮಗಳು ಆರೋಗ್ಯ ಪರೀಕ್ಷೆಯನ್ನೂ ಗೋಪ್ಯವನ್ನೂ ಒಟ್ಟಿಗೆ ಹೇಳುತ್ತವೆ. ಭಾರತದ 2017ರ ಎಚ್‌ಐವಿ ಕಾಯಿದೆಯು ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡಕೂಡದೆನ್ನುತ್ತದೆ.

ಜಾರ್ಜ್ ಬಟ್ಲರ್‌ರವರು 1890ರಲ್ಲಿ ತೀರಿಕೊಂಡರು. ಅಮ್ಮನವರು ಆ ಮೇಲೆಯೂ ಬರೆಯುತ್ತ, ದುಡಿಯುತ್ತ ಇದ್ದು, ಕಡೆಗೆ ಹುಟ್ಟಿದ ಸೀಮೆಗೆ ಹಿಂದಿರುಗಿ, ವೂಲರ್ ಎಂಬ ಸಣ್ಣ ಊರಿನಲ್ಲಿ 1906ನೆಯ ಇಸವಿ ದಶಂಬರ 30ರಲ್ಲಿ ನಿದ್ರೆಹೋದರು. ಸಮಾಧಿಯು ಸಮೀಪದ ಕರ್ಕ್‌ನ್ಯೂಟನ್ ಗ್ರಾಮದಲ್ಲಿದೆ. ಲಿವರ್‌ಪೂಲಿನ ದೊಡ್ಡ ದೇವಾಲಯದಲ್ಲಿ ಶ್ರೇಷ್ಠ ಸ್ತ್ರೀಯರ ಚಿತ್ರಗಳುಳ್ಳ ಬಣ್ಣದ ಗಾಜಿನ ಕಿಟಕಿಗಳುಂಟು. ಅವುಗಳಲ್ಲಿ ಇವರ ಚಿತ್ರವೂ ಇದೆ.