ಬಾಲವನದ ಮನೆ: ಪುತ್ತೂರಿನಲ್ಲಿ ಕಾರಂತರು ಕಟ್ಟಿದ ಬದುಕು

ಪುತ್ತೂರು ಪೇಟೆಯ ಸದ್ದುಗದ್ದಲದಿಂದ ತುಸು ದೂರ, ಪರ್ಲಡ್ಕದ ಮರಗಳ ನೆರಳಿನಲ್ಲಿ ಹೆಂಚಿನ ಮಾಡಿನ ಒಂದು ಹಳೆಯ ಮನೆಯಿದೆ. ಅರಮನೆಯ ವೈಭವವಾಗಲಿ, ಗುತ್ತಿನ ಮನೆಯ ಕೆತ್ತನೆಯ ಕಂಬಗಳಾಗಲಿ ಅದಕ್ಕಿಲ್ಲ. ಆದರೂ ಕನ್ನಡ ನಾಡಿನ ರಕ್ಷಿತ ಸ್ಮಾರಕ ಗೃಹಗಳ ಸಾಲಿನಲ್ಲಿ ಅದಕ್ಕೊಂದು ಗೌರವದ ಸ್ಥಾನವಿದೆ. ಡಾ. ಕೋಟ ಶಿವರಾಮ ಕಾರಂತರು ತಮ್ಮ ಬಾಳಿನ ಸುಮಾರು ನಾಲ್ಕು ದಶಕಗಳನ್ನು ಸವೆಸಿದ್ದು ಪುತ್ತೂರಿನಲ್ಲಿ. ಅವರ ಆ ಬದುಕಿನ ಕೇಂದ್ರವಾಗಿದ್ದುದು ಈ ಬಾಲವನ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕಡಲ ಮಗ್ಗುಲಿನ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂತು. ತರುಣ ಕಾರಂತರು ವಿದ್ಯಾಭ್ಯಾಸಕ್ಕೆ ಶರಣು ಹೊಡೆದು ಖಾದಿ ಪ್ರಚಾರಕ್ಕೆ ಇಳಿದರು. ವಸಂತವೆಂಬ ಮಾಸಪತ್ರಿಕೆ ನಡೆಸಿದರು, ನಾಟಕವಾಡಿಸಿದರು, ಊರೂರು ಅಲೆದರು. ಮೂಕಿ ಚಿತ್ರಗಳ ಕಾಲದಲ್ಲಿ ಚಲನಚಿತ್ರ ತಯಾರಿಕೆಗೂ ಕೈ ಹಾಕಿದರು. ಹೀಗೆ ಅಲೆದಾಡಿದ ಜೀವಕ್ಕೆ ನೆಲೆ ಕೊಟ್ಟದ್ದು ಪುತ್ತೂರು.

ಮೊಳಹಳ್ಳಿಯವರ ಸ್ನೇಹ

ಆ ಕಾಲದ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಹಿರಿಯ ನಾಯಕರು. 1909ರಲ್ಲಿ ಇಲ್ಲಿ ಸಹಕಾರ ಸಂಘಕ್ಕೆ ಅಡಿಪಾಯ ಹಾಕಿ, ಜಿಲ್ಲೆಯ ಸಹಕಾರ ಚಳವಳಿಯ ಪಿತಾಮಹರೆನಿಸಿದವರು. ಅವರ ಬೆಂಬಲ ಕಾರಂತರಿಗೆ ದೊರೆಯಿತು. ಇಬ್ಬರೂ ಸೇರಿ ಪುತ್ತೂರಿನ ದಸರಾ ನಾಡಹಬ್ಬವನ್ನು ಸಾಹಿತ್ಯ, ಸಂಗೀತ, ನಾಟಕಗಳ ಉತ್ಸವವನ್ನಾಗಿ ಬೆಳೆಸಿದರು. ನಾಡಿನ ಹೆಸರಾಂತ ಸಾಹಿತಿಗಳು ಈ ಸಣ್ಣ ಊರಿನ ವೇದಿಕೆಗೆ ಬಂದು ಹೋದರು. ನೆಲ್ಲಿಕಟ್ಟೆಯ ಶಾಲೆಯೂ ಕಾರಂತರ ರಂಗಪ್ರಯೋಗಗಳಿಗೆ ಆಶ್ರಯವಾಯಿತು.

ಮಕ್ಕಳಿಗೆ ಬೆತ್ತ ಮತ್ತು ಬಾಯಿಪಾಠಗಳ ಶಿಕ್ಷಣವಷ್ಟೇ ಸಾಲದೆಂಬುದು ಕಾರಂತರ ದೃಢವಾದ ನಂಬಿಕೆಯಾಗಿತ್ತು. ಮಗು ಕುಣಿಯಬೇಕು, ಚಿತ್ರ ಬರೆಯಬೇಕು, ಗಿಡಮರಗಳನ್ನು ಕಣ್ಣಾರೆ ಕಂಡು ಪ್ರಶ್ನೆ ಕೇಳಬೇಕು. ಈ ನಂಬಿಕೆಯೇ 1930ರ ದಶಕದಲ್ಲಿ ಬಾಲವನವಾಗಿ ಮೈತಳೆಯಿತು. ಅಲ್ಲಿ ವಾಸದ ಮನೆಯೂ ಬಂತು, ನಾಟ್ಯಶಾಲೆಯೂ ಬಂತು. ಮನೆ ಯಜಮಾನನಿಗೆ, ಅಂಗಳ ಊರ ಮಕ್ಕಳಿಗೆ ಎಂಬಂತಿತ್ತು ಅಲ್ಲಿನ ವ್ಯವಸ್ಥೆ.

ಈ ಕಟ್ಟಡಗಳ ಸೊಗಸು ಅವುಗಳ ಸರಳತೆಯಲ್ಲಿದೆ. ತಿಂಗಳುಗಟ್ಟಲೆ ಬಿಡದೆ ಸುರಿಯುವ ಮಳೆಯ ನಾಡಿದು. ಇಲ್ಲಿನ ಹಳೆಯ ಮನೆಗಳು ನೆಲದಿಂದಲೇ ಕಡಿದು ತೆಗೆದ ಮುರಕಲ್ಲನ್ನು ಗೋಡೆಗೆ ಬಳಸಿದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಕ್ರಮೇಣ ಹುಲ್ಲಿನ ಮಾಡನ್ನು ತೊರೆದು ಕೆಂಪು ಹೆಂಚನ್ನು ಹೊದ್ದವು. ಇಳಿಜಾರಾದ ಮಾಡು ನೀರನ್ನು ಗೋಡೆಯಿಂದ ದೂರಕ್ಕೆ ಚೆಲ್ಲುತ್ತದೆ; ಹೆಂಚಿನ ಸಂದುಗಳು ಬೇಸಿಗೆಯ ಬಿಸಿಗಾಳಿಗೆ ದಾರಿ ಬಿಡುತ್ತವೆ. ಬಾಲವನದ ಮನೆ ಈ ಪರಂಪರೆಯ ಕೂಸು. ಚಿತ್ರಕಲೆ, ಶಿಲ್ಪಕಲೆಗಳ ಬಗೆಗೆ ಗ್ರಂಥಗಳನ್ನೇ ಬರೆದ ಕಾರಂತರು, ತಾವು ಬಾಳುವ ಮನೆಗೆ ಊರಿನ ಉಡುಗೆಯನ್ನೇ ತೊಡಿಸಿದರು.

ಲೀಲಾ ಕಾರಂತರ ಮನೆ

1936ರಲ್ಲಿ ಕಾರಂತರು ಬಂಟ ಸಮುದಾಯದ ಲೀಲಾ ಆಳ್ವರನ್ನು ವರಿಸಿದರು. ಜಾತಿಯ ಗಡಿ ದಾಟಿದ ಈ ಮದುವೆ ಅಂದಿನ ಸಮಾಜಕ್ಕೆ ಸುಲಭವಾಗಿ ಜೀರ್ಣವಾಗುವಂಥದ್ದಾಗಿರಲಿಲ್ಲ. ಟೀಕೆಗಳಿಗೆ ಜಗ್ಗದೆ ದಂಪತಿ ಸಂಸಾರ ಹೂಡಿದರು. ಗಂಡ ಬರಹದಲ್ಲಿ, ತಿರುಗಾಟದಲ್ಲಿ ಮುಳುಗಿದ್ದಾಗ ಮನೆಯ ಭಾರ ಹೊತ್ತು, ನೃತ್ಯ ನಾಟಕಗಳಲ್ಲೂ ಜತೆಗೂಡಿದ ಲೀಲಾ ಅವರನ್ನು ಬಿಟ್ಟು ಬಾಲವನದ ಚರಿತ್ರೆಯನ್ನು ಹೇಳಲಾಗದು.

ಅದೇ 1936ರಲ್ಲಿ, ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚವೂ ಹೊರಬಂತು. ವಿಶ್ವವಿದ್ಯಾಲಯವೊಂದು ಮಾಡಬೇಕಾದ ಕೆಲಸವನ್ನು ತಾಲೂಕು ಕೇಂದ್ರವೊಂದರಲ್ಲಿ ಕುಳಿತ ಒಬ್ಬ ವ್ಯಕ್ತಿ ಮಾಡಿ ಮುಗಿಸಿದ್ದರು. ಮುಂದೆ ನಾಲ್ಕು ಸಂಪುಟಗಳ ವಿಜ್ಞಾನಪ್ರಪಂಚವೂ ಬಂತು. ಪುಸ್ತಕ ಬರೆದರೆ ಸಾಲದು, ಅಚ್ಚು ಮಾಡಬೇಕೆಂದು ಪುತ್ತೂರಿನಲ್ಲೇ ಹರ್ಷ ಮುದ್ರಣಾಲಯವನ್ನು ನಡೆಸಿದರು.

ಪುತ್ತೂರು, ಸುಳ್ಯ ಸೀಮೆಯ ಕಾಡು, ಹೊಳೆ, ಅಡಿಕೆ ತೋಟಗಳು ಅವರ ಕೃತಿಗಳಲ್ಲಿ ಮತ್ತೆ ಹುಟ್ಟಿ ಬಂದವು. ತುಂಡು ಭೂಮಿಯ ಬೇಸಾಯಕ್ಕಾಗಿ ಹಂಬಲಿಸಿ ಸೋತ ದಲಿತನ ಕಥೆಯಾದ ಚೋಮನ ದುಡಿ 1933ರಲ್ಲಿ ಪ್ರಕಟವಾಯಿತು. 1943ರ ಬೆಟ್ಟದ ಜೀವ ಓದುಗರನ್ನು ಸುಬ್ರಹ್ಮಣ್ಯದ ಕಡೆಯ ಘಟ್ಟದ ಬುಡಕ್ಕೆ, ಈಗ ಕಡಬ ತಾಲೂಕಿಗೆ ಸೇರಿರುವ ಸೀಮೆಗೆ ಕರೆದೊಯ್ಯುತ್ತದೆ. ಕಾಡು ಕಡಿದು ತೋಟ ಮಾಡಿ, ಮನೆ ಬಿಟ್ಟು ಹೋದ ಮಗನ ದಾರಿ ಕಾಯುವ ಗೋಪಾಲಯ್ಯ ದಂಪತಿಯ ಚಿತ್ರ ಇಲ್ಲಿನ ಎಷ್ಟೋ ಕೃಷಿಕ ಮನೆಗಳಿಗೆ ಇಂದಿಗೂ ಕನ್ನಡಿ. 1968ರಲ್ಲಿ ಬಂದ ಮೂಕಜ್ಜಿಯ ಕನಸುಗಳು 1977ರ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತು.

ಮನೆ ಬಿಟ್ಟ ಮೇಲೆ

1970ರ ದಶಕದಲ್ಲಿ ಕಾರಂತರು ಪುತ್ತೂರನ್ನು ತೊರೆದು ಹುಟ್ಟೂರಿಗೆ ಹತ್ತಿರದ ಸಾಲಿಗ್ರಾಮದಲ್ಲಿ ನೆಲೆಸಿದರು. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭಾ ಚುನಾವಣೆಗೂ ನಿಂತು ಸೋತರು. 1986ರಲ್ಲಿ ಲೀಲಾ ತೀರಿಕೊಂಡರು. 1997ರ ಡಿಸೆಂಬರ್ 9ರಂದು ಕಾರಂತರು ಕಣ್ಮುಚ್ಚಿದರು.

ಬಾಲವನ ಸರ್ಕಾರದ ಕೈಸೇರಿತು. ವಾಸವಿಲ್ಲದ ಹೆಂಚಿನ ಮನೆಗೆ ಮಳೆಗಾಲವೇ ದೊಡ್ಡ ಶತ್ರು. ಒಂದು ಹೆಂಚು ಜಾರಿದರೆ ಪಕಾಸು ನೆನೆಯುತ್ತದೆ, ಪಕಾಸು ನೆನೆದಲ್ಲಿಗೆ ಗೆದ್ದಲು ಬರುತ್ತದೆ. ಬಾಲವನದ ಕಟ್ಟಡಗಳೂ ಬಹುಕಾಲ ಶಿಥಿಲವಾಗಿದ್ದು, ಸಾಹಿತ್ಯಾಸಕ್ತರ ಒತ್ತಾಯದ ಬಳಿಕ ದುರಸ್ತಿ ಕಂಡವು. ಹಳೆಯ ರೂಪ ಕೆಡದಂತೆ ಮನೆಯನ್ನು ಉಳಿಸಿದ್ದು ಮೆಚ್ಚತಕ್ಕ ಕೆಲಸ. ಇಲ್ಲಿನ ಈಜುಕೊಳದಲ್ಲಿ ಮಕ್ಕಳ ಕಲರವವಿದೆ. ಅಕ್ಟೋಬರ್ 10ರಂದು ಜನ್ಮದಿನಾಚರಣೆ ನಡೆಯುತ್ತದೆ.

ಆದರೆ ಕಾರಂತರು ಇದಕ್ಕೆ ತಮ್ಮ ಹೆಸರಿಡಲಿಲ್ಲ, ಮಕ್ಕಳ ಹೆಸರಿಟ್ಟರು ಎಂಬುದನ್ನು ಮರೆಯುವಂತಿಲ್ಲ. ಗೋಡೆಗೆ ಸುಣ್ಣ ಬಳಿದು ಬಾಗಿಲಿಗೆ ಬೀಗ ಜಡಿದರೆ ಸ್ಮಾರಕ ಉಳಿದೀತು, ಬಾಲವನ ಉಳಿಯದು. ಪುತ್ತೂರು, ಸುಳ್ಯ, ಕಡಬದ ಶಾಲೆಗಳ ಮಕ್ಕಳು ವರ್ಷಕ್ಕೊಮ್ಮೆಯಾದರೂ ಇಲ್ಲಿಗೆ ಬಂದು, ನಾಟ್ಯಶಾಲೆಯಲ್ಲಿ ಕುಣಿದು, ಮರದ ಹೆಸರು ಕೇಳಿ ತಿಳಿದು ಹೋದರೆ ಆ ಹಳೆಯ ಮನೆ ಮತ್ತೆ ಉಸಿರಾಡೀತು. ಕಾರಂತರಿಗೆ ಈ ಸೀಮೆ ಸಲ್ಲಿಸಬೇಕಾದ ಋಣವೂ ಅದೇ.