ಸತ್ತ ಮರದ ಕಾಲ ಅಳೆದ ವಿಲ್ಲರ್ಡ್ ಲಿಬ್ಬಿ

ಕಡಿದ ಮರದ ಉಂಗುರಗಳನ್ನು ಎಣಿಸಿದರೆ ಅದು ಎಷ್ಟು ವರ್ಷ ಬಾಳಿತೆಂದು ತಿಳಿಯುತ್ತದೆ. ಸತ್ತು ಎಷ್ಟು ಕಾಲವಾಯಿತೆಂಬುದನ್ನು ಮಾತ್ರ ಆ ಎಣಿಕೆ ಹೇಳುವುದಿಲ್ಲ. ಗೋರಿಯೊಳಗಿನ ತೊಲೆ, ಹಳೆಯ ಒಲೆಯ ಇದ್ದಿಲು, ಕೆಸರಿನಲ್ಲಿ ಹೂತ ದಿಮ್ಮಿ ಇವುಗಳ ಕಾಲವನ್ನು 20ನೇ ಶತಮಾನದ ಮಧ್ಯದವರೆಗೂ ವಿದ್ವಾಂಸರು ಬಹುಮಟ್ಟಿಗೆ ಊಹೆಯಿಂದಲೇ ನಿರ್ಧರಿಸುತ್ತಿದ್ದರು. ಊಹೆ ಇದ್ದಲ್ಲಿ ಅಳತೆಯನ್ನು ತಂದವರು ಅಮೆರಿಕದ ರಸಾಯನ ವಿಜ್ಞಾನಿ ವಿಲ್ಲರ್ಡ್ ಫ್ರಾಂಕ್ ಲಿಬ್ಬಿ.

ಲಿಬ್ಬಿ 1908ರ ಡಿಸೆಂಬರ್ 17ರಂದು ಕೊಲರಾಡೊ ರಾಜ್ಯದ ಗ್ರ್ಯಾಂಡ್ ವ್ಯಾಲಿಯಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲೇ ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1931ರಲ್ಲಿ ಪದವಿ, 1933ರಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ಅಧ್ಯಾಪಕರಾದರು. ಅತಿ ಕ್ಷೀಣವಾದ ವಿಕಿರಣವನ್ನು ಪತ್ತೆಹಚ್ಚುವ ಗೈಗರ್ ಮಾಪಕಗಳನ್ನು ಸ್ವತಃ ನಿರ್ಮಿಸುವುದರಲ್ಲಿ ಅವರು ಪಳಗಿದ್ದರು. ಎರಡನೇ ಮಹಾಯುದ್ಧದ ವೇಳೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಯೂರಿ ಅವರ ನೇತೃತ್ವದಲ್ಲಿ, ಅಣುಬಾಂಬ್‌ಗಾಗಿ ಯುರೇನಿಯಂ ಬೇರ್ಪಡಿಸುವ ಕಾರ್ಯದಲ್ಲಿ ತೊಡಗಿದರು. 1945ರಲ್ಲಿ ಯುದ್ಧ ಮುಗಿದ ಬಳಿಕ ಷಿಕಾಗೊ ವಿಶ್ವವಿದ್ಯಾಲಯ ಸೇರಿದರು.

ಅವರನ್ನು ಕಾಡಿದ್ದು ಕಾರ್ಬನ್-14. ಮಾರ್ಟಿನ್ ಕಾಮೆನ್ ಮತ್ತು ಸ್ಯಾಮ್ ರೂಬೆನ್ 1940ರಲ್ಲಿ ಬರ್ಕ್ಲಿಯಲ್ಲಿ ಈ ಧಾತುರೂಪವನ್ನು ಪತ್ತೆಹಚ್ಚಿದ್ದರು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದಲ್ಲಿ ನ್ಯೂಟ್ರಾನ್‌ಗಳನ್ನು ಹುಟ್ಟಿಸುತ್ತವೆ. ಅವು ಸಾರಜನಕಕ್ಕೆ ತಾಗಿದಾಗ ಕಾರ್ಬನ್-14 ಉಂಟಾಗುತ್ತದೆ. ಇಂಗಾಲದ ಡೈಆಕ್ಸೈಡ್ ರೂಪದಲ್ಲಿ ಅದು ಗಿಡಮರಗಳನ್ನು, ಆಹಾರದ ಮೂಲಕ ಪ್ರಾಣಿಗಳನ್ನು ಸೇರುತ್ತದೆ. ಜೀವ ಇರುವವರೆಗೆ ಕ್ಷಯಿಸಿದ್ದಕ್ಕೆ ಸಮನಾಗಿ ಹೊಸತು ಬರುತ್ತಿರುತ್ತದೆ. ಸತ್ತ ಮೇಲೆ ಖರ್ಚು ಮಾತ್ರ, ಜಮೆ ಇಲ್ಲ. ಸುಮಾರು 5,730 ವರ್ಷಗಳಲ್ಲಿ ಅರ್ಧ, ಮತ್ತಷ್ಟೇ ವರ್ಷಗಳಲ್ಲಿ ಉಳಿದುದರ ಅರ್ಧ ಕರಗುತ್ತದೆ. ಉಳಿದುದನ್ನು ಅಳೆದರೆ ಸಾವಿನ ಕಾಲ ತಿಳಿಯಬೇಕು. ಇದು ಲಿಬ್ಬಿ ಅವರ ತರ್ಕ.

ತರ್ಕ ಸರಳ, ಅಳತೆ ಕಠಿಣ. ಜೀವಂತ ವಸ್ತುವಿನ ಒಂದು ಗ್ರಾಂ ಇಂಗಾಲದಲ್ಲಿ ನಿಮಿಷಕ್ಕೆ ಸುಮಾರು 14 ಪರಮಾಣುಗಳಷ್ಟೇ ಕ್ಷಯಿಸುತ್ತವೆ. ಹೊರಗಿನ ವಿಕಿರಣದ ಗದ್ದಲದಲ್ಲಿ ಈ ಪಿಸುಮಾತು ಕೇಳಿಸದು. ಲಿಬ್ಬಿ ಮಾಪಕವನ್ನು ದಪ್ಪ ಕಬ್ಬಿಣದ ಕವಚದೊಳಗಿಟ್ಟರು. ಸುತ್ತ ಕಾವಲು ಮಾಪಕಗಳನ್ನು ಜೋಡಿಸಿ, ಅವುಗಳೊಂದಿಗೆ ಏಕಕಾಲಕ್ಕೆ ದಾಖಲಾದ ಹೊರಗಿನ ಕಿರಣಗಳನ್ನು ಲೆಕ್ಕದಿಂದ ಕೈಬಿಟ್ಟರು. ಅದಕ್ಕೂ ಮೊದಲು, 1947ರಲ್ಲಿ ಅವರ ತಂಡ ಬಾಲ್ಟಿಮೋರ್ ನಗರದ ಚರಂಡಿ ನೀರಿನಿಂದ ಬಂದ ಮೀಥೇನ್ ಅನಿಲದಲ್ಲಿ ಕಾರ್ಬನ್-14 ಇರುವುದನ್ನು ತೋರಿಸಿತ್ತು. ಕೋಟ್ಯಂತರ ವರ್ಷ ಹಳೆಯದಾದ ಪೆಟ್ರೋಲಿಯಂ ಮೂಲದ ಮೀಥೇನ್‌ನಲ್ಲಿ ಅದು ಇರಲಿಲ್ಲ.

ಮುಂದಿನದು ಸತ್ವಪರೀಕ್ಷೆ. ಈಜಿಪ್ಟಿನ ದೊರೆಗಳಾದ ಜೋಸರ್ ಮತ್ತು ಸ್ನೆಫೆರು ಅವರ ಸಮಾಧಿಗಳ ಮರ, ಉಂಗುರ ಎಣಿಸಿ ವಯಸ್ಸು ಗೊತ್ತಿದ್ದ ವೃಕ್ಷಗಳ ತಿರುಳು ಮೊದಲಾದವುಗಳನ್ನು ಲಿಬ್ಬಿ ಮತ್ತು ಜೇಮ್ಸ್ ಆರ್ನಾಲ್ಡ್ ಅಳೆದರು. ಬದುಕಿರುವ ಮರದಲ್ಲೂ ಒಳಗಿನ ಉಂಗುರ ಹೊಸ ಇಂಗಾಲವನ್ನು ಪಡೆಯುವುದಿಲ್ಲ. 1949ರ ಡಿಸೆಂಬರ್‌ನಲ್ಲಿ ಪ್ರಕಟವಾದ ಫಲಿತಾಂಶಗಳು ತಿಳಿದ ವಯಸ್ಸಿಗೆ ಬಹುಮಟ್ಟಿಗೆ ಹೊಂದಿಕೊಂಡವು. ವಿಸ್ಕಾನ್ಸಿನ್‌ನ ಟೂ ಕ್ರೀಕ್ಸ್‌ನಲ್ಲಿ ಹಿಮನದಿ ಉರುಳಿಸಿದ್ದ ಸ್ಪ್ರೂಸ್ ಮರಗಳನ್ನು ಸುಮಾರು 25 ಸಾವಿರ ವರ್ಷ ಹಳೆಯವೆಂದು ನಂಬಲಾಗಿತ್ತು. ಲಿಬ್ಬಿ ಅವರ ಅಳತೆ ಸುಮಾರು 11,400 ವರ್ಷ ಎಂದಿತು. ಉತ್ತರ ಅಮೆರಿಕದ ಹಿಮಯುಗದ ಅಂತ್ಯ ಒಮ್ಮೆಲೇ ಹತ್ತಿರಕ್ಕೆ ಬಂದಿತು! ಈ ಸಾಧನೆಗಾಗಿ 1960ರಲ್ಲಿ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಈ ವಿಧಾನ ಕನ್ನಡ ನಾಡಿನ ಪ್ರಾಚೀನತೆಗೂ ಬೆಳಕು ಚೆಲ್ಲಿತು. ತುಂಗಭದ್ರಾ ದಡದ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದ ಮಾದರಿಗಳನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಳೆಯಲಾಯಿತು. ದಕ್ಷಿಣ ಭಾರತದ ಕಬ್ಬಿಣ ಯುಗ ಕ್ರಿ.ಪೂ. 1000ದಷ್ಟು ಹಿಂದಕ್ಕೆ ಹೋಗುತ್ತದೆಂಬುದಕ್ಕೆ ಅದು ಆಧಾರವಾಯಿತು.

ಲಿಬ್ಬಿ ಅವರ ಬದುಕಿಗೆ ಇನ್ನೊಂದು ಮುಖವೂ ಇತ್ತು. 1954ರಿಂದ 1959ರವರೆಗೆ ಅಮೆರಿಕದ ಅಣುಶಕ್ತಿ ಆಯೋಗದ ಸದಸ್ಯರಾಗಿದ್ದ ಅವರು ಅಣ್ವಸ್ತ್ರ ಪರೀಕ್ಷೆಗಳನ್ನು ಸಮರ್ಥಿಸಿದರು. ವಿಕಿರಣ ಧೂಳಿನ ಅಪಾಯ ಅಲ್ಪವೆಂಬ ಅವರ ವಾದವನ್ನು ಲೈನಸ್ ಪೌಲಿಂಗ್ ಮೊದಲಾದವರು ವಿರೋಧಿಸಿದರು. ಆ ಧೂಳಿನ ಸ್ಟ್ರಾನ್ಷಿಯಂ-90 ಅಳೆಯುವ ಯೋಜನೆಗೆ ಲಿಬ್ಬಿ ಅವರೇ ಬೆನ್ನೆಲುಬಾಗಿದ್ದರು. ಅದಕ್ಕಾಗಿ ಮಕ್ಕಳೂ ಸೇರಿದಂತೆ ಮೃತರ ಮೂಳೆಗಳನ್ನು ಕುಟುಂಬದವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಲಾಗಿತ್ತೆಂಬ ಸಂಗತಿ ಮುಂದೆ ಕಳಂಕವಾಗಿ ಉಳಿಯಿತು. ಬಾಂಬ್ ಪರೀಕ್ಷೆಗಳಿಂದಾಗಿ 1960ರ ದಶಕದ ಆರಂಭದ ಹೊತ್ತಿಗೆ ಉತ್ತರ ಗೋಳಾರ್ಧದ ಗಾಳಿಯಲ್ಲಿ ಕಾರ್ಬನ್-14 ಬಹುತೇಕ ಇಮ್ಮಡಿಯಾಯಿತು. ಗಡಿಯಾರ ಕಂಡುಹಿಡಿದವರು ಬೆಂಬಲಿಸಿದ ಪರೀಕ್ಷೆಗಳೇ ಅದರ ಮುಳ್ಳನ್ನು ಅಲುಗಿಸಿದ್ದವು.

ಗಡಿಯಾರದಲ್ಲಿ ಸಹಜವಾದ ದೋಷವೂ ಇತ್ತು. ವಾಯುಮಂಡಲದ ಕಾರ್ಬನ್-14 ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಎಂದು ಲಿಬ್ಬಿ ಭಾವಿಸಿದ್ದರು. ಈಜಿಪ್ಟಿನ ಹಳೆಯ ಮಾದರಿಗಳು ವಾಸ್ತವಕ್ಕಿಂತ ಕಿರಿಯವೆಂದು ತೋರಿದಾಗ, ಒಂದು ಹಂತದಲ್ಲಿ ಅವರ ಅನುಮಾನ ಇತಿಹಾಸಕಾರರ ಕಾಲಗಣನೆಯ ಮೇಲೆಯೇ ಹೋಯಿತು. ತೀರ್ಪು ಕೊಟ್ಟದ್ದು ಮರಗಳು. ಕ್ಯಾಲಿಫೋರ್ನಿಯಾದ ವೈಟ್ ಪರ್ವತಗಳಲ್ಲಿ ಬ್ರಿಸಲ್‌ಕೋನ್ ಪೈನ್ ಮರಗಳು ಸಾವಿರಾರು ವರ್ಷ ಬದುಕುತ್ತವೆ. ಸತ್ತ ಮೇಲೂ ಬೇಗ ಕೊಳೆಯುವುದಿಲ್ಲ. ಸತ್ತ ಮತ್ತು ಬದುಕಿರುವ ಮರಗಳ ಉಂಗುರಗಳನ್ನು ಒಂದಕ್ಕೊಂದು ಹೊಂದಿಸಿ ಚಾರ್ಲ್ಸ್ ಫರ್ಗುಸನ್ ಸಹಸ್ರಮಾನಗಳ ಸರಣಿ ರಚಿಸಿದರು. ಅವುಗಳನ್ನು ಅಳೆದ ಹಾನ್ಸ್ ಸ್ಯೂಸ್, ಈಜಿಪ್ಟಿನ ಆ ಕಾಲದಲ್ಲಿ ಗಡಿಯಾರವೇ ಶತಮಾನಗಳಷ್ಟು ತಪ್ಪುತ್ತದೆಂದು ತೋರಿಸಿದರು. ಅಂದಿನಿಂದ ಇಂಥ ತಿದ್ದುಪಡಿ ವಕ್ರರೇಖೆಯಿಲ್ಲದೆ ಯಾವ ಕಾಲನಿರ್ಣಯವೂ ಪೂರ್ಣವಲ್ಲ. ಟೂ ಕ್ರೀಕ್ಸ್ ಮರಗಳ ವಯಸ್ಸೂ ಈಗ 13 ಸಾವಿರ ವರ್ಷ ದಾಟುತ್ತದೆ.

ಲಿಬ್ಬಿ 1959ರಿಂದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದು, 1980ರ ಸೆಪ್ಟೆಂಬರ್ 8ರಂದು ಆ ನಗರದಲ್ಲೇ ನಿಧನರಾದರು. ತಮ್ಮ ವಿಧಾನವನ್ನು ಮೊದಲ ದಿನವೇ ಮರದ ಉಂಗುರಗಳ ಪರೀಕ್ಷೆಗೆ ಒಡ್ಡಿದವರು ಅವರು. ಮುಂದೆ ಅವರ ತಪ್ಪನ್ನು ತಿದ್ದಿದ್ದೂ ಅದೇ ಉಂಗುರಗಳು. ಆ ತಿದ್ದುಪಡಿಯಿಂದ ಗಡಿಯಾರ ನಿಲ್ಲಲಿಲ್ಲ, ಇನ್ನಷ್ಟು ನಿಖರವಾಯಿತು.